ಡಾಂಬರಿನ ಮೇಲೆ ಹಾಸಿದ ಸೀರೆ

ಭೀಮವ್ವನ ಗುಡಿಯಿರುವ ಇಟಗಿಗೆ ಇನ್ನೂ ಸ್ವಲ್ಪ ದಾರಿ ಇರುವಾಗಲೇ ಬಸ್ಸಿನೊಳಗೆ ಡಾಂಬರಿನ ವಾಸನೆ ನುಗ್ಗಿತು. ಮುಂದೆ ರಸ್ತೆ ಕೆಲಸ ನಡೆದಿತ್ತು. ನಮ್ಮ ಕಡೆ ಬೇಸಿಗೆ ಬಂತೆಂದರೆ ಮಾವಿನಹಣ್ಣಿನ ಗಾಡಿಗಳ ಹಿಂದೆಯೇ ರಸ್ತೆಗೆ ತೇಪೆ ಹಾಕುವವರೂ ಬರುತ್ತಾರೆ. ಬಸ್ಸು ನಿಂತಿತು. ನಾನು ಓಢಣಿಯಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದ ಅವ್ವ ಮುಚ್ಚಿಕೊಳ್ಳಲಿಲ್ಲ, ಮಡಿಲಲ್ಲಿದ್ದ ಚೀಲ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಉಳಿದವರಿಗೆ ಅದು ಬರೀ ಡಾಂಬರಿನ ವಾಸನೆ. ನನಗೆ ಅದು ನನ್ನ ತಮ್ಮನ ಅಂಗಾಲಿನ ವಾಸನೆ. ಓದುವವರಿಗೆ ಹೇಸಿಗೆ ಎನಿಸಬಹುದು, ಆದರೆ ಇದಕ್ಕಿಂತ ನಯವಾಗಿ ಹೇಳಲು ನನಗೆ ಬರುವುದಿಲ್ಲ. ಅದಾಗಿ ಎರಡು ವರ್ಷ ಕಳೆದಿವೆ.

ನನ್ನ ತಮ್ಮ ಮಲ್ಲಿಕಾರ್ಜುನ, ಮನೆಯಲ್ಲಿ ಮಲ್ಲು, ಫುಟ್‌ಬಾಲ್ ಆಡುತ್ತಾನೆ. ಆಡುತ್ತಾನೆ ಎಂದರೆ ಸಂಜೆ ಮೈದಾನಕ್ಕೆ ಹೋಗಿ ಬರುವುದಲ್ಲ, ಅದೇ ಅವನ ಉದ್ಯೋಗ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬಂದ ಗಿರಾಕಿಗೆ ಈ ವಿಷಯ ತಿಳಿಸಿ ಹೇಳುವಷ್ಟರಲ್ಲಿ ಒಂದು ಬ್ಲೌಸು ಹೊಲಿದು ಮುಗಿಯುತ್ತಿತ್ತು.

"ಕಬಡ್ಡಿ ಆಡ್ತಾನೇನ್ರಿ?"

"ಅಲ್ರಿ, ಫುಟ್‌ಬಾಲ್."

"ಹಂಗಾರ ನೌಕರಿ ಏನು?"

"ಅದ ನೌಕರಿ ರೀ."

"ಹೌದೇನ್ರಿ, ಚಲೋ ಆತು ಬಿಡ್ರಿ," ಎಂದು ಹೇಳಿ, ಒಂದಕ್ಷರ ನಂಬದೆ ಹೋಗುತ್ತಿದ್ದರು.

ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಅಪ್ಪನ ಕುಣಿಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಕೆಳಗೆ ಕಾಲು ಮಣೆ ತುಳಿಯುತ್ತದೆ, ಮೇಲೆ ಕೈ ಲಾಳಿ ಓಡಿಸುತ್ತದೆ. ಕಾಲಿಗೆ ಮಣೆ, ಕೈಗೆ ಬಟ್ಟೆ. ಒಂದು ಇನ್ನೊಂದಕ್ಕೆ ತಾಕಬಾರದು. ಸಣ್ಣವರಿದ್ದಾಗ ಆಟದ ಭರದಲ್ಲಿ ನೆಲದ ಮೇಲಿನ ಒಂದು ತುಂಡು ಬಟ್ಟೆ ತುಳಿದರೂ ಅಪ್ಪನ ಕಣ್ಣು ಕೆಂಪಾಗುತ್ತಿತ್ತು. ಬಗ್ಗಿ, ಬಟ್ಟೆ ಮುಟ್ಟಿ, ಕಣ್ಣಿಗೆ ಒತ್ತಿಕೊಂಡ ಮೇಲೆಯೇ ಬಿಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಕುಣಿಗೆ ಅವ್ವ ಇಳಿದಳು. ಮಲ್ಲು ಸಾಲಿಯಿಂದ ಬಂದವನು ಅವಳ ಮೊಣಕಾಲು ನೋಯುವಾಗ ತಾನು ಕೂತು ತುಳಿಯುತ್ತಿದ್ದ. ಮುಂದೆ ಕ್ರೀಡಾ ಹಾಸ್ಟೆಲಿನವರು ಅವನನ್ನು ಆರಿಸಿಕೊಂಡಾಗ, ಈ ಹುಡುಗನಿಗೆ ಎರಡೂ ಕಾಲು ಒಂದೇ ಸಮ ನಡೆಯುತ್ತವೆ ಎಂದು ಬೆರಗಾದರಂತೆ. ಅವ್ವನಿಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ. "ಒಂದ ಕಾಲಿಲೇ ಯಾರರ ನೇಯ್ತಾರೇನು?" ಎಂದಳು.

ಹತ್ತೊಂಬತ್ತನೆಯ ವಯಸ್ಸಿಗೆ ದೂರದ ಸಮುದ್ರದ ದಂಡೆಯ ಊರಿನ ಒಂದು ಕ್ಲಬ್ಬು ಅವನನ್ನು ತೆಗೆದುಕೊಂಡಿತು. ಒಂದು ಸೀಸನ್ನಿನ ಕರಾರು. ಮುಂದಿನದು ಅವರ ಮನಸ್ಸಿಗೆ ಬಂದರೆ. ಆ ವರ್ಷ ಅವನ ಪಂದ್ಯ ಇದ್ದಾಗಲೆಲ್ಲ ಅವ್ವ ಮಗ್ಗ ನಿಲ್ಲಿಸಿ ನನ್ನ ಅಂಗಡಿಗೆ ಬರುತ್ತಿದ್ದಳು. ಹೊಲಿಗೆ ಯಂತ್ರಕ್ಕೆ ಮೊಬೈಲು ಆನಿಸಿಟ್ಟು ಇಬ್ಬರೂ ನೋಡುತ್ತಿದ್ದೆವು. ಮಲ್ಲು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದ.

"ಇವ ಯಾಕ ಕುಂತಾನ?"

"ಕರದಾಗ ಹೋಗ್ತಾನಬೇ. ಹೊಸಬ ಅಲ್ಲ."

"ಅಷ್ಟ ದೂರ ಕರ್ಕೊಂಡು ಹೋಗಿ ಕುಂದರಸೂದಾ? ಕುಂದರಾಕ ಮನ್ಯಾಗ ಮಗ್ಗ ಇತ್ತಲ್ಲ."

ಪಂದ್ಯ ಮುಗಿಯುವ ಹೊತ್ತಿಗೆ ಒಮ್ಮೊಮ್ಮೆ ಅವನನ್ನು ಕರೆಯುತ್ತಿದ್ದರು. ಅವನು ಅಂಗಿ ಸರಿಮಾಡಿಕೊಂಡು, ಹುಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದ. ಅಪ್ಪ ಕಲಿಸಿದ ಆ ಬಗ್ಗುವಿಕೆ ನೋಡಿದ್ದೇ ತಡ ಅವ್ವನಿಗೆ ಪಂದ್ಯ ಮುಗಿದಂತೆಯೇ. ಆಮೇಲೆ ಯಾರು ಗೆದ್ದರು ಎಂದು ಕೇಳುತ್ತಿರಲಿಲ್ಲ.

ಒಂದು ಸಂಜೆ ಹಾಗೆಯೇ ಒಳಗೆ ಹೋದ. ಚೆಂಡು ಎತ್ತರಕ್ಕೆ ಬಂತು, ಇವನೂ ಹಾರಿದ, ಎದುರಿನ ತಂಡದ ಒಬ್ಬ ಭಾರೀ ಆಳೂ ಹಾರಿದ. ಇಬ್ಬರ ತಲೆ ಬಡಿದವು. ಆ ಆಳು ಎದ್ದು ಕೂತ. ಮಲ್ಲು ಏಳಲಿಲ್ಲ. ಕೈ ಕಾಲು ಚಾಚಿ, ಮುಖ ಹುಲ್ಲಿಗೆ ಮಾಡಿ ಬಿದ್ದುಕೊಂಡಿದ್ದ. ಆಟಗಾರರು ಓಡಿ ಬಂದು ಅವನ ಸುತ್ತ ನಿಂತರು, ಒಬ್ಬ ಕೈ ಬೀಸಿ ಯಾರನ್ನೋ ಕರೆದ, ಅಷ್ಟರಲ್ಲಿ ಮೊಬೈಲಿನಲ್ಲಿ ಚಿತ್ರ ನಿಂತುಹೋಯಿತು. ನಡುವೆ ಆ ದುಂಡನೆಯ ಚಕ್ರ ತಿರುಗುತ್ತ ಉಳಿಯಿತು.

ಮೊಬೈಲು ತಟ್ಟಿದೆ, ಅಂಗಡಿಯಿಂದ ಹೊರಗೆ ಓಡಿ ಬೀದಿಯಲ್ಲಿ ಎತ್ತಿ ಹಿಡಿದೆ. ಚಕ್ರ ತಿರುಗುತ್ತಲೇ ಇತ್ತು. ಹಿಂತಿರುಗಿ ಬಂದಾಗ ಅವ್ವ ಎದ್ದು ನಿಂತಿದ್ದಳು. ಸೀರೆಗೆ ಫಾಲ್ ಹಚ್ಚಿಸಲು ಬಂದಿದ್ದ ಇಬ್ಬರು ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದರು.

"ಇಟಗಿ ಭೀಮವ್ವಾ, ನನ್ನ ಮಗನ್ನ ಎಬ್ಬಸು," ಎಂದಳು ಅವ್ವ. "ಅವನ ಕಾಲಿಲೇ, ಬರಿಗಾಲಿಲೇ, ನಮ್ಮೂರಿಂದ ನಿನ್ನ ಬಾಗಲತನಕ ನಡಸ್ಕೊಂಡು ಬರ್ತೀನಿ."

ಫೋನು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮಲ್ಲುವೇ ಮಾತಾಡಿದ. "ಏನೂ ಆಗಿಲ್ಲಕ್ಕಾ, ಒಂದೀಟು ಕಣ್ಣಿಗೆ ಕತ್ತಲಿ ಬಂದಿತ್ತು. ದವಾಖಾನ್ಯಾಗ ಎಲ್ಲಾ ನೋಡ್ಯಾರ. ಅವ್ವಗ ಹೇಳಬ್ಯಾಡ." ಅವ್ವ ನನ್ನ ಕಿವಿಗೆ ಕಿವಿ ಹಚ್ಚಿಕೊಂಡೇ ನಿಂತಿದ್ದಳು. ಹೇಳಿಕೊಂಡ ಹರಕೆ ಆ ಇಬ್ಬರು ಹೆಂಗಸರ ಬಾಯಿಂದ ಬೆಳಗಾಗುವಷ್ಟರಲ್ಲಿ ಓಣಿ ತುಂಬಿತ್ತು.

ಸೀಸನ್ ಮುಗಿಸಿ ಮೇ ತಿಂಗಳಲ್ಲಿ ಅವನು ಮನೆಗೆ ಬಂದ. ಮೊದಲ ಆಘಾತ ಅವನ ಚಪ್ಪಲಿಯದು. ಹೊಸ್ತಿಲ ಹೊರಗೆ ಒಂದು ಜೊತೆ ಬಿಟ್ಟು, ಚೀಲದಿಂದ ಇನ್ನೊಂದು ಜೊತೆ ತೆಗೆದು ಹಾಕಿಕೊಂಡು ಮಗ್ಗದ ಮುಂದೆಯೇ ಟಪಟಪ ನಡೆದ. ಅವ್ವ ಆ ಚಪ್ಪಲಿಯನ್ನೇ ನೋಡುತ್ತ ನಿಂತಳು. "ಬರಿಗಾಲಿಲೇ ಅಡ್ಡಾಡಬ್ಯಾಡ ಅಂದಾರಬೇ," ಎಂದು ಅವನು ನಾಚಿಕೊಂಡ. ಕಾಲು ತೊಳೆಯುವಾಗ ನೋಡಿದೆ. ಬೆರಳಿನ ಉಗುರು ಎರಡು ಕಪ್ಪಗೆ ಸತ್ತಿದ್ದವು, ಒಂದು ಇರಲೇ ಇಲ್ಲ. ಅಂಗಾಲು ಮಾತ್ರ ಬೆಳ್ಳಗೆ, ಮೆತ್ತಗೆ, ಬಾಣಂತಿ ಕೋಣೆಯ ಕೂಸಿನ ಹಾಗೆ. ಎರೆಹೊಲದ ಹೆಂಟೆಯಲ್ಲಿ ಬರಿಗಾಲಲ್ಲಿ ಓಡಿ ಬೆಳೆದವನ ಕಾಲು ಇದೇನಾ ಎನಿಸಿತು.

ರೋಹಿಣಿ ಮಳೆಗೆ ಮೊದಲೇ ಕ್ಲಬ್ಬಿನ ಶಿಬಿರ. "ಈ ಸಲ ಉಳಸ್ಕೋತಾರೋ ಮನಿಗೆ ಕಳಸ್ತಾರೋ ಅಲ್ಲೇ ಗೊತ್ತಾಗ್ತೈತಕ್ಕಾ. ಮೊದಲನೇ ದಿನದಿಂದ ಓಡಿ ತೋರಸ್ಬೇಕು," ಎಂದ. ಹರಕೆಯ ಮಾತು ಬಂದಾಗ, ಮುಂದಿನ ವರ್ಷ ತೀರಿಸೋಣ ಎಂದ. ಅವ್ವ ಜೋರು ಮಾಡಲಿಲ್ಲ, ಅಳಲಿಲ್ಲ.

"ನೀ ಎದ್ದದ್ದು ಆಕಿಯಿಂದ. ಕೊಟ್ಟ ಮಾತು ತೀರಸದ ಮತ್ತ ಅದ ಮೈದಾನಕ್ಕ ಹ್ಯಾಂಗ ಕಳಸ್ಲಿ? ಮತ್ತ ಬಿದ್ರ ಯಾವ ಮಾರಿ ಇಟ್ಕೊಂಡು ಆಕೀನ್ನ ಕರೀಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ಬೇಡ್ಕೊಂಡಾಕಿ ನೀ. ಬೇಡ್ಕೊಳ್ಳೂದಿದ್ರ ನಿನ್ನ ಕಾಲಿಲೇ ಬೇಡ್ಕೋಬೇಕಿತ್ತು. ಅವನ ಕಾಲ್ಯಾಕ ಕೊಟ್ಟಿ? ಆ ಕಾಲ ಅವನ ಅನ್ನ."

ಅವ್ವ ನನ್ನ ಕಡೆ ನೋಡಿದಳು. ಮಲ್ಲು ನಡುವೆ ಬಾಯಿ ಹಾಕಿದ. "ಇರ್ಲಿ ಬಿಡಕ್ಕಾ, ನಡೀತೀನಿ. ನಸುಕಿನ್ಯಾಗ ಎದ್ದು ಹೊಂಟ್ರ ಬಿಸಲ ಏರೂದ್ರಾಗ ಮುಟ್ಟತೀವಿ." ಲೆಕ್ಕ ಸರಿಯಾಗಿಯೇ ಇತ್ತು. ತಂಪಿನಲ್ಲಿ ಹೊರಟು ತಂಪಿನಲ್ಲಿ ಮುಟ್ಟಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಸುಕಿನಲ್ಲೇ ಮೂವರೂ ಹೊರಟೆವು; ಕೆಟ್ಟದ್ದು ದಾರಿಯಲ್ಲಿ ಸಿಗುವ ಮುಶಿಗೇರಿಯಲ್ಲಿ. ಅಲ್ಲಿ ನಮ್ಮ ದೊಡ್ಡವ್ವ, ಅವ್ವನ ಅಕ್ಕ, ಇದ್ದಾಳೆ. ಅವಳ ಊರಿನ ಮೇಲೆ ಹಾಯ್ದು ಒಳಗೆ ಹೋಗದಿದ್ದರೆ ಅದು ಮೂರು ತಲೆಮಾರಿನ ಮಾತಾಗುತ್ತದೆ. ಒಂದು ಗುಟುಕು ಚಹಾ ಕುಡಿದು ಹೊರಡೋಣ ಎಂದು ಒಳಗೆ ಹೋದೆವು. ಹೋದರೆ ಒಲೆಯ ಮೇಲೆ ಹೂರಣ ಕುದಿಯುತ್ತಿತ್ತು.

"ಹರಕಿಗೆ ಹೊಂಟ ಕೂಸಿಗೆ ಹೋಳಿಗಿ ಉಣಿಸದ ಕಳಸ್ಲೇನು? ಕುಂದರ್ರಿ ಸುಮ್ನ," ಎಂದಳು ದೊಡ್ಡವ್ವ.

ಹೊತ್ತಾಗುತ್ತದೆ ಎಂದರೆ ಅವಳ ಕಣ್ಣಲ್ಲಿ ನೀರು. ಹೋಳಿಗೆ ಆಗುವ ತನಕ ಕೂತೆವು. ಅಷ್ಟರಲ್ಲಿ ಓಣಿಯವರು ಬಂದರು. ಮೊಬೈಲಿನಲ್ಲಿ ಬಿದ್ದು ಎದ್ದ ಹುಡುಗ ಇವನೇ ಎಂದು ಒಬ್ಬರಾದ ಮೇಲೆ ಒಬ್ಬರು ಅವನ ತಲೆ ಮುಟ್ಟಿ ನೋಡಿದರು. ಎದುರು ಮನೆಯವರು ಚಹಾಕ್ಕೆ ಕರೆದರು; ಅಲ್ಲಿಗೆ ಹೋದ ಮೇಲೆ ಪಕ್ಕದ ಮನೆಯವರನ್ನು ಬಿಡುವ ಹಾಗಿಲ್ಲ. ಒಬ್ಬ ಅಜ್ಜ ಎಲ್ಲಿಂದಲೋ ರಬ್ಬರ್ ಚೆಂಡು ತಂದು, "ಒಂದು ಸಲ ಒದ್ದು ತೋರ್ಸೋ ತಮ್ಮಾ, ಪಗಾರ ಕೊಡೂವಂಥಾದ್ದು ಏನೈತಿ ನೋಡೂಣು," ಎಂದ. ಮಲ್ಲು ಒದ್ದು ತೋರಿಸಿದ, ತಲೆಯ ಮೇಲೆ ಕುಣಿಸಿ ತೋರಿಸಿದ. ಅಂಗಳ ತುಂಬ ನಗು. ನಾನು ಬಿಸಿಲು ಕಟ್ಟೆಯಿಂದ ಕೆಳಗಿಳಿದು ಅಂಗಳದ ನಡುವೆ ಬರುವುದನ್ನು ನೋಡುತ್ತಲೇ ಇದ್ದೆ. ಯಾರಿಗೂ ಬೇಡ ಎನ್ನಲು ಬರಲಿಲ್ಲ, ಇಷ್ಟು ಪ್ರೀತಿಗೆ ಹೇಗೆ ಬೇಡ ಎನ್ನುವುದು? ನಾವು ಊರು ದಾಟಿದಾಗ ನೆರಳು ನಮ್ಮ ನಮ್ಮ ಕಾಲ ಬುಡದಲ್ಲಿತ್ತು.

ಮಣ್ಣಿನ ದಾರಿ ಇರುವ ತನಕ ಅವನು ದಂಡೆ ಹಿಡಿದು, ನೆರಳು ಹುಡುಕಿಕೊಂಡು ಹೇಗೋ ನಡೆದ. ಇಟಗಿ ಹತ್ತಿರವಾಗುತ್ತಿದ್ದಂತೆ ರಸ್ತೆ ಕರ್ರಗೆ ಹೊಳೆಯತೊಡಗಿತು. ಹೊಸ ಡಾಂಬರು ಹಾಕಿದ್ದು ನಮಗೆ ಗೊತ್ತಿರಲಿಲ್ಲ. ಒಂದು ಮಗ್ಗುಲಿಗೆ ಚೂಪು ಜಲ್ಲಿಯ ರಾಶಿ, ಇನ್ನೊಂದು ಮಗ್ಗುಲಿಗೆ ಜಾಲಿಕಂಟಿ. ಬಿಸಿಲಿಗೆ ಡಾಂಬರು ಬೆವೆತಿತ್ತು. ನನ್ನ ಚಪ್ಪಲಿ ಒಂದೊಂದು ಹೆಜ್ಜೆಗೂ ಅಂಟಿ ಚರ್ ಎಂದು ಏಳುತ್ತಿತ್ತು. ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ಅವಳ ಕಾಲಲ್ಲೂ ಚಪ್ಪಲಿ. ಮಲ್ಲು ನಮಗಿಂತ ಸ್ವಲ್ಪ ಮುಂದಿದ್ದ. ಅವನ ಬೆನ್ನು ಬಿಗಿಯುತ್ತ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಓಡಿದ.

ಅಂಥ ಓಟ ನಾನು ಮೊಬೈಲಿನಲ್ಲೂ ಕಂಡಿರಲಿಲ್ಲ. ಮುಂದೆ ದಂಡೆಯಲ್ಲಿದ್ದ ಒಂದು ಬೇವಿನ ಮರಕ್ಕೆ ಹೋಗಿ ಬಿದ್ದ. ನಾನು ಓಡಿ ಹೋಗಿ ಅವನ ಕಾಲು ನನ್ನ ತೊಡೆಯ ಮೇಲೆ ಎತ್ತಿಕೊಂಡೆ. ಹಿಮ್ಮಡಿಯಿಂದ ಬೆರಳಿನ ತನಕ ಡಾಂಬರು ಮೆತ್ತಿತ್ತು, ಅದರ ಅಂಚಿನಲ್ಲಿ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ನಾನು ಕೂಗಿದೆನಂತೆ, ನನಗೆ ಕೇಳಿಸಲಿಲ್ಲ. ಅವ್ವ ಕುಂಟುತ್ತ ಬಂದು ಮುಟ್ಟಿದಳು. ಮಗನ ಅಂಗಾಲು ನೋಡಿದಳು. ಆಮೇಲೆ ತನ್ನ ಕಾಲಿನ ಚಪ್ಪಲಿ ನೋಡಿಕೊಂಡಳು. ಆ ಕ್ಷಣದ ಅವಳ ಮುಖ ಮರೆಯಬೇಕೆಂದು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ.

ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. "ಏರ್ರಿ, ಗುಡಿತನಕ ಬಿಡ್ತೀನಿ," ಎಂದ ಅದರವನು. ಅವ್ವ, "ಏರೋ ತಮ್ಮಾ," ಎಂದಳು. ಮಲ್ಲು ತಲೆ ಅಲ್ಲಾಡಿಸಿದ.

"ಊರು ಕಾಣಾಕತ್ತೈತಿ. ಈಗ ಏರಿದ್ರ ಸುಟ್ಟದ್ದೂ ದಂಡ ಆಗ್ತೈತಬೇ."

ಆಗ ಅವ್ವ ಚೀಲ ಬಿಚ್ಚಿದಳು. ಅದರಲ್ಲಿ ಭೀಮವ್ವನಿಗೆ ಏರಿಸಲು ತಂದ ಸೀರೆ ಇತ್ತು. ಮಗ ಎದ್ದ ಮರುದಿನವೇ ಮಗ್ಗಕ್ಕೆ ಹೂಡಿ, ಮಡಿಯಿಂದ ನೇಯ್ದ ಹಸಿರು ಸೀರೆ. ಕಟ್ಟಿದ ದಾರ ಹರಿದು, ಒಂದು ತುದಿ ಹಿಡಿದು ಝಾಡಿಸಿ, ಆ ಸೀರೆಯನ್ನು ಉದ್ದಕ್ಕೆ ಡಾಂಬರಿನ ಮೇಲೆ ಹಾಸಿಬಿಟ್ಟಳು. ಟ್ರ್ಯಾಕ್ಟರಿನವನು ಕೆಳಗಿಳಿದು ಕೈಮುಗಿದು ನಿಂತ. ನನಗೆ ದಿಗ್ಭ್ರಮೆ. ಕುಣಿಗೆ ಇಳಿಯುವ ಮುಂಚೆ ಮಗ್ಗಕ್ಕೆ ಕೈಮುಗಿಯುವ ಹೆಂಗಸು ಇವಳೇನಾ?

"ಅದು ಭೀಮವ್ವಂದಬೇ," ಎಂದ ಮಲ್ಲು. ಎದ್ದು ನಿಂತಿದ್ದ, ಸುಟ್ಟ ಕಾಲು ಒಂದಾದ ಮೇಲೊಂದು ಎತ್ತುತ್ತಿದ್ದ, ಆದರೆ ಸೀರೆಯ ಮೇಲೆ ಇಡಲೊಲ್ಲ. "ತುಳಿ," ಎಂದಳು ಅವ್ವ. "ಅರಿವಿ ತುಳೀಬಾರದು ಅಂತ ನೀವ ಕಲಿಸೀರಿ." ಸುಡುವ ನೆಲದ ಮೇಲೆ ನಿಂತು ಆ ಹುಡುಗ ಬಟ್ಟೆಗೆ ಕಾಲು ತಾಗಿಸಲು ಒಲ್ಲೆ ಎನ್ನುತ್ತಿದ್ದ. ಅವ್ವ ನೋಯುವ ಮೊಣಕಾಲು ಊರಿ ರಸ್ತೆಯಲ್ಲೇ ಕೂತಳು. ಅವನ ಪಾದವನ್ನು ಎರಡೂ ಕೈಯಿಂದ ಹಿಡಿದು ಎತ್ತಿ ಸೀರೆಯ ಮೇಲೆ ಇಟ್ಟಳು.

"ಆಕೀನೂ ತಾಯೀನ ಅದಾಳ. ತಿಳಕೋತಾಳ."

ಹೀಗೆ ನಡೆದೆವು. ಸೀರೆ ಮುಗಿದ ಕಡೆ ಅವನು ನನ್ನ ಹೆಗಲು ಹಿಡಿದು ನಿಲ್ಲುತ್ತಿದ್ದ, ಅವ್ವ ಹಿಂದಿನ ತುದಿ ಎಳೆದು ಮುಂದೆ ಹಾಸುತ್ತಿದ್ದಳು. ಹಾಸಿದಷ್ಟು ಸಲ ಹಸಿರು ಕಡಿಮೆಯಾಗಿ ಕಪ್ಪು ಹೆಚ್ಚಾಯಿತು. ಗುಡಿಯ ಬಾಗಿಲಲ್ಲಿ ಅವ್ವ ಆ ಸೀರೆ ಮಡಚಿ ಕಂಕುಳಲ್ಲಿಟ್ಟುಕೊಂಡು ಬರೀ ಕೈಮುಗಿದಳು. ಏನು ಕೇಳಿಕೊಂಡಳೋ ತಿಳಿಯದು. ಬರುವಾಗ ಟ್ರ್ಯಾಕ್ಟರಿನವನೇ ಊರಿಗೆ ಬಿಟ್ಟ. ದವಾಖಾನೆಯ ಡಾಕ್ಟರು ಡಾಂಬರು ಬಿಡಿಸುತ್ತ, "ಓಡೂ ಹುಡುಗನ ಕಾಲು ಹಿಂಗ ಮಾಡೀರಲ್ಲ, ಎಂಥಾ ಮಂದಿ ನೀವು," ಎಂದರು. ಅವ್ವ, "ನಾನ ಮಾಡೀನ್ರಿ," ಎಂದಳು.

ಪಟ್ಟಿ ಕಟ್ಟಿಕೊಂಡೇ ಶಿಬಿರಕ್ಕೆ ಹೋದ. ಬೂಟು ಹಾಕಲು ಆಗಲಿಲ್ಲ. ಅಲ್ಲಿಯವರು ಒಳ್ಳೆಯವರೇ, ಚಿಕಿತ್ಸೆ ಕೊಡಿಸಿದರು, ಕಾದರು. ಆದರೆ ಹೊಸ ಹುಡುಗರು ದಿನಾ ಓಡುತ್ತಿರುವಾಗ ಕೂತವನಿಗಾಗಿ ಎಷ್ಟು ಕಾಯುತ್ತಾರೆ? ಮುಂದಿನ ಸೀಸನ್ನಿಗೆ ನೀನು ಬೇಡ ಎಂದರು. ಮನೆಗೆ ಬಂದು ಅವನು ಅವ್ವನಿಗೆ, "ಕೋಚ್ ಬದಲಾದ್ರಬೇ, ಅವರ ಹುಡುಗರ್ನ ತಗೊಂಡ್ರು," ಎಂದ. ಅವ್ವ ಹೂಂ ಎಂದು ಕುಣಿಗೆ ಇಳಿದಳು. ಅವತ್ತು ಮಗ್ಗದ ಸಪ್ಪಳ ಏಳಲಿಲ್ಲ. ಹೋಗಿ ನೋಡಿದರೆ ಕೈ ಬಟ್ಟೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಅವ ಸುಳ್ಳ ಹೇಳೂದು ಯಾವಾಗ ಕಲ್ತ?" ಎಂದು ನನ್ನನ್ನು ಕೇಳಿದಳು.

ಆ ಮಳೆಗಾಲವೆಲ್ಲ ಅವನು ಮನೆಯಲ್ಲಿದ್ದ. ಹೊಸ ಚರ್ಮ ಬಂತು. ಗುಡ್ಡ ಹತ್ತಿ ಇಳಿದು ಓಡತೊಡಗಿದ. ಹಾಸ್ಟೆಲಿನ ಹಳೆಯ ತರಬೇತುದಾರರೊಬ್ಬರು ಹೇಳಿ, ಮರುವರ್ಷ ಬೇರೆ ರಾಜ್ಯದ ಒಂದು ಸಣ್ಣ ಕ್ಲಬ್ಬಿಗೆ ಸೇರಿಸಿದರು. ಕೆಳಗಿನ ದರ್ಜೆಯ ಪಂದ್ಯಗಳು, ಮೈದಾನದಲ್ಲಿ ಹುಲ್ಲಿಗಿಂತ ಮಣ್ಣೇ ಹೆಚ್ಚು. ಆದರೆ ಇಲ್ಲಿ ಮಲ್ಲು ಬೆಂಚಿನ ಮೇಲೆ ಕೂರಲಿಲ್ಲ. ಮೊದಲ ಸೀಟಿಯಿಂದಲೇ ಆಡುತ್ತಿದ್ದ. ನನ್ನ ಅಂಗಡಿಯ ಮೊಬೈಲಿನ ಮುಂದೆ ಈಗ ಓಣಿಯ ಹೆಂಗಸರೂ ನಿಲ್ಲತೊಡಗಿದರು.

ಈ ವರ್ಷ ಚಳಿಗಾಲದ ಒಂದು ಪಂದ್ಯದಲ್ಲಿ ಅವನು ಮತ್ತೆ ಬಿದ್ದ. ಯಾರೋ ಅಡ್ಡಗಾಲು ಕೊಟ್ಟರು, ಮೊಣಕಾಲು ಹಿಡಿದುಕೊಂಡು ಹೊರಳಿದ, ಆಮೇಲೆ ಹೊರಳುವುದೂ ನಿಂತಿತು. ಅಂಗಡಿಯಲ್ಲಿದ್ದವರೆಲ್ಲ ಮೊಬೈಲು ಬಿಟ್ಟು ಅವ್ವನನ್ನು ನೋಡಿದರು. ಅವಳ ಬಾಯಿ ತೆರೆಯಿತು. ಅಷ್ಟರಲ್ಲಿ ಅವ್ವ ಸೆರಗು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಟ್ಟಳು. ಮಲ್ಲು ಎದ್ದ. ಕುಂಟಿದ, ಕಾಲು ಝಾಡಿಸಿದ, ಓಡಿದ. ನಾನು ಸಮಾಧಾನದಿಂದ ನಕ್ಕುಬಿಟ್ಟೆ. "ನೋಡಬೇ, ಹರಕಿ ಇಲ್ಲದ ಎದ್ದ," ಎಂದೆ. ಅವಳು ಸೆರಗು ತೆಗೆದು, "ಹೂಂ," ಎಂದಳು.

ಮೊನ್ನೆ ಅವ್ವ, "ಇಟಗಿಗೆ ಹೋಗಿ ಆಕಿಗೆ ಸೀರಿ ಏರಿಸಿ ಬರೂಣು, ಅವತ್ತಿಂದು ಉಳದೈತಿ," ಎಂದಾಗ ಆಯಿತು ಎಂದೆ. ಅದಕ್ಕೇ ಈ ಬಸ್ಸು. ಹೊಸ ಸೀರೆ ನೇಯ್ದು ಚೀಲದಲ್ಲಿಟ್ಟುಕೊಂಡಿದ್ದಾಳೆ, ಅದೂ ಹಸಿರೇ.

ಬಸ್ಸು ನಿಂತೇ ಇತ್ತು. ಅವ್ವ ಎದ್ದಳು. "ಇಲ್ಲೇ ಇಳೀತೀವ್ರಿ," ಎಂದಳು ಕಂಡಕ್ಟರಿಗೆ. ಹಿಂದೆಯೇ ನಾನೂ ಇಳಿದೆ. ದಂಡೆಯಲ್ಲಿ ಆ ಬೇವಿನ ಮರ. ಅವ್ವ ಅದರ ನೆರಳಿಗೆ ಹೋಗಿ ಎರಡೂ ಚಪ್ಪಲಿ ಕಳಚಿ ಅಲ್ಲೇ ಬುಡಕ್ಕೆ ಇಟ್ಟಳು.

"ಏನಬೇ ಇದು?"

"ಅವ ಮತ್ತ ಬಿದ್ದಾಗ ಬಾಯಿ ಮುಚ್ಕೊಂಡಿದ್ದೆ, ಬೇಡ್ಕೊಳ್ಳೂದು ಬಿಟ್ಟಿದ್ದಿಲ್ಲ," ಎಂದಳು. "ಅವನ ಕಾಲ ಸುಟ್ಟಲ್ಲಿಂದ ನಡೀತೀನಿ ಅಂದೀನಿ. ನೀನ ಅಂದಿದ್ದಿಯಲ್ಲ, ನಿನ್ನ ಕಾಲಿಲೇ ಬೇಡ್ಕೋ ಅಂತ."

ಅವಳು ಡಾಂಬರಿಗೆ ಇಳಿದಾಗಿತ್ತು. ಒಂದು ಹೆಜ್ಜೆ ಇಟ್ಟಳು, ತುಟಿ ಕಚ್ಚಿದಳು, ಇನ್ನೊಂದು ಇಟ್ಟಳು. ನಾನು ಚೀಲಕ್ಕೆ ಕೈ ಹಾಕಿದೆ. "ಅದನ್ನ ಮುಟ್ಟಬ್ಯಾಡ. ಈ ಸಲ ಅದು ಆಕೀಗೆ ಮುಟ್ಟಬೇಕು," ಎಂದಳು. ನಾನು ಮೈಮೇಲಿನ ಓಢಣಿ ಎಳೆದು ಅವಳ ಮುಂದೆ ಹಾಸಿದೆ.

ಅವ್ವ ನಿಂತಳು. ಬಿಸಿಗೆ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು, ಆದರೆ ಓಢಣಿಯ ಮೇಲೆ ಇಡಲೊಲ್ಲಳು. "ಅರಿವಿ ಐತೆಲ್ಲ," ಎಂದಳು ಸಣ್ಣ ದನಿಯಲ್ಲಿ. ನಾನು ರಸ್ತೆಯಲ್ಲಿ ಮೊಣಕಾಲೂರಿ ಕೂತು, ಮಣೆ ತುಳಿದು ತುಳಿದು ಗಟ್ಟಿಯಾದ ಆ ಪಾದವನ್ನು ಎರಡೂ ಕೈಯಿಂದ ಹಿಡಿದು ಎತ್ತಿ, ಬಟ್ಟೆಯ ಮೇಲೆ ಇಟ್ಟೆ.